ನೋಡುವುದು ಮತ್ತು ಕಾಣುವುದು: ಫುಜಿ ಪರ್ವತದ ಸುತ್ತ ಒಂದು ದಿನದ ಪ್ರವಾಸ ಯೋಜನೆ

1. ಪೀಠಿಕೆ

ಪ್ರವಾಸ ಸಾಹಿತ್ಯವನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಪ್ರವಾಸ ಮುಗಿದ ಮೇಲೆ ಹುಟ್ಟುವ ಕಥನವನ್ನು ಕೇಂದ್ರದಲ್ಲಿ ಇಟ್ಟುಕೊಳ್ಳುತ್ತವೆ. ಲೇಖಕನು ಏನನ್ನು ಕಂಡ, ಕಂಡದ್ದನ್ನು ಹೇಗೆ ನಿರೂಪಿಸಿದ, ತನ್ನ ನಾಡಿನೊಡನೆ ಹೇಗೆ ಹೋಲಿಸಿದ ಎಂಬ ಪ್ರಶ್ನೆಗಳು ಅಲ್ಲಿ ಮುಖ್ಯವಾಗುತ್ತವೆ. ಆದರೆ ಪ್ರವಾಸಿ ಮನೆಯಿಂದ ಹೊರಡುವ ಮೊದಲೇ ಇನ್ನೊಂದು ಬರಹ ಸಿದ್ಧವಾಗಿರುತ್ತದೆ. ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಸ್ಥಳ ಮೊದಲು, ಯಾವುದು ಅನಂತರ, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಬಿಟ್ಟುಬಿಡಬೇಕು ಎಂದು ತೀರ್ಮಾನಿಸುವ ಆ ಯೋಜನೆಯೂ ಒಂದು ಪಠ್ಯವೇ. ಅದಕ್ಕೂ ಒಂದು ವ್ಯಾಕರಣವಿದೆ, ಪರಂಪರೆಯಿದೆ, ಅದು ಹೇಳುವ ಮತ್ತು ಮರೆಮಾಡುವ ಸಂಗತಿಗಳಿವೆ.

ಈ ವಿಚಾರವನ್ನು ಪರಿಶೀಲಿಸಲು ಜಪಾನಿನ ಫುಜಿ ಪರ್ವತ ಅತ್ಯಂತ ಉಪಯುಕ್ತವಾದ ನಿದರ್ಶನ. ಟೋಕಿಯೊ ನಗರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಈ ಪರ್ವತವನ್ನು ಬೆಳಿಗ್ಗೆ ಹೊರಟು ರಾತ್ರಿಯೊಳಗೆ ನೋಡಿಕೊಂಡು ಬರುವುದು ಇಂದು ಸಾಮಾನ್ಯ ಸಂಗತಿ. ಅದೇ ಪರ್ವತಕ್ಕೆ ಶತಮಾನಗಳ ಯಾತ್ರೆಯ ಚರಿತ್ರೆಯೂ, ಅದನ್ನು ದೂರದಿಂದ ನೋಡಿ ಚಿತ್ರಿಸಿದ ಕಲೆಯ ಚರಿತ್ರೆಯೂ ಇವೆ. ಇಂದಿನ ಒಂದು ದಿನದ ಯೋಜನೆಯು ಈ ಎರಡೂ ಪರಂಪರೆಗಳಿಂದ ಏನನ್ನು ಪಡೆದಿದೆ, ಏನನ್ನು ಕಳೆದುಕೊಂಡಿದೆ ಎಂಬುದನ್ನು ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಚರ್ಚೆಗೆ ಕನ್ನಡದ ಎರಡು ಧಾತುಗಳು ನೆರವಾಗುತ್ತವೆ. ‘ನೋಡು’ ಎಂಬುದು ಕರ್ತೃವಿನ ಇಚ್ಛೆಯಿಂದ ನಡೆಯುವ ಕ್ರಿಯೆ. ‘ಕಾಣು’ ಎಂಬುದನ್ನು ನಾವು ಸಕರ್ಮಕವಾಗಿ ಬಳಸುವುದುಂಟಾದರೂ ‘ನನಗೆ ಬೆಟ್ಟ ಕಾಣಿಸಿತು’ ಎನ್ನುವಾಗ ವಾಕ್ಯದ ಕರ್ತೃ ಬೆಟ್ಟವೇ ಆಗುತ್ತದೆ, ನೋಡುವವನು ಚತುರ್ಥಿಗೆ ಸರಿಯುತ್ತಾನೆ. ಜಪಾನಿ ಭಾಷೆಯಲ್ಲಿಯೂ ‘ಮಿರು’ ಮತ್ತು ‘ಮಿಯೆರು’ ಎಂಬ ಎರಡು ಕ್ರಿಯಾಪದಗಳ ನಡುವೆ ಇಂಥದೇ ಭೇದವಿದೆ. ಮೊದಲನೆಯದು ನೋಡುವುದು, ಎರಡನೆಯದು ಕಾಣಿಸುವುದು. ಪ್ರವಾಸದ ಯೋಜನೆಯನ್ನು ‘ನೋಡು’ ಧಾತುವಿನಲ್ಲಿ ಬರೆಯುತ್ತೇವೆ. ಆದರೆ ಫುಜಿ ಪರ್ವತದ ಮಟ್ಟಿಗೆ ಆ ದಿನ ಸಫಲವಾಗುವುದೂ ವಿಫಲವಾಗುವುದೂ ‘ಕಾಣು’ ಧಾತುವನ್ನು ಅವಲಂಬಿಸಿದೆ.

2. ಪರ್ವತ ಮತ್ತು ಹೆಸರು

ಫುಜಿ ಜಪಾನಿನ ಅತ್ಯಂತ ಎತ್ತರದ ಪರ್ವತ. ಅದರ ಎತ್ತರ 3,776 ಮೀಟರ್. ಯಾಮಾನಾಶಿ ಮತ್ತು ಶಿಜುಓಕಾ ಎಂಬ ಎರಡು ಪ್ರಾಂತಗಳ ಗಡಿಯಲ್ಲಿ ನಿಂತಿರುವ ಈ ಜ್ವಾಲಾಮುಖಿ ಕೊನೆಯ ಬಾರಿ ಸಿಡಿದದ್ದು 1707ರ ಡಿಸೆಂಬರಿನಲ್ಲಿ. ಆಗ ಅದರ ಬೂದಿ ಎಡೋ ನಗರದ, ಅಂದರೆ ಇಂದಿನ ಟೋಕಿಯೊದ, ಮೇಲೂ ಬಿದ್ದಿತು. ಅದಕ್ಕೂ ಬಹಳ ಹಿಂದೆ, 864ರಿಂದ 866ರವರೆಗೆ ನಡೆದ ಸ್ಫೋಟದಲ್ಲಿ ಹರಿದ ಲಾವಾರಸವು ಉತ್ತರದ ತಪ್ಪಲಿನಲ್ಲಿದ್ದ ದೊಡ್ಡ ಸರೋವರವೊಂದನ್ನು ಒಡೆದು ಇಂದಿನ ಸಾಯ್ ಮತ್ತು ಶೋಜಿ ಸರೋವರಗಳನ್ನು ಉಳಿಸಿತು. ಇಂದು ಪ್ರವಾಸಿಗರು ‘ಫುಜಿಯ ಐದು ಸರೋವರಗಳು’ ಎಂದು ನೋಡುವ ಯಾಮಾನಾಕಾ, ಕಾವಾಗುಚಿ, ಸಾಯ್, ಶೋಜಿ, ಮೊತೋಸು ಇವೆಲ್ಲ ಉತ್ತರದ ತಪ್ಪಲಿನಲ್ಲಿವೆ.

ನಮ್ಮಲ್ಲಿ ‘ಫ್ಯೂಜಿಯಾಮಾ’ ಎಂಬ ರೂಪವೂ ಬಳಕೆಯಲ್ಲಿದೆ. ಜಪಾನೀಯರು ಬಳಸುವುದು ‘ಫುಜಿಸಾನ್’ ಎಂಬ ರೂಪವನ್ನು. ಪರ್ವತವೆಂಬ ಅರ್ಥದ ಒಂದೇ ಲಿಪಿಚಿಹ್ನೆಗೆ ‘ಯಾಮಾ’ ಎಂಬ ದೇಶ್ಯ ಉಚ್ಚಾರಣೆಯೂ ‘ಸಾನ್’ ಎಂಬ ಚೀನೀ ಮೂಲದ ಉಚ್ಚಾರಣೆಯೂ ಇರುವುದರಿಂದ ಈ ಗೊಂದಲ ಉಂಟಾಗಿದೆ. ವ್ಯಕ್ತಿಗಳ ಹೆಸರಿನ ಮುಂದೆ ಬರುವ ಗೌರವಸೂಚಕ ‘ಸಾನ್’ ಇದಲ್ಲ. ಧ್ವನಿ ಒಂದೇ ಆದರೂ ಪದಗಳು ಬೇರೆ. ಬಿದಿರು ಕಡಿಯುವವನ ಪ್ರಾಚೀನ ಕಥೆಯಾದ ‘ತಾಕೆತೊರಿ ಮೊನೊಗಾತಾರಿ’ಯು ತನ್ನ ಕೊನೆಯಲ್ಲಿ ಅಮೃತತ್ವದ ಔಷಧವನ್ನು ಈ ಶಿಖರದ ಮೇಲೆ ಸುಟ್ಟ ಪ್ರಸಂಗವನ್ನು ಹೇಳಿ, ಅದಕ್ಕೂ ಪರ್ವತದ ಹೆಸರಿಗೂ ನಂಟು ಕಲ್ಪಿಸುತ್ತದೆ. ಇದು ಸ್ಥಳನಾಮ ಪುರಾಣವೇ ಹೊರತು ನಿಷ್ಪತ್ತಿಯ ನಿರ್ಣಯವಲ್ಲ.

2013ರಲ್ಲಿ ಯುನೆಸ್ಕೊ ಫುಜಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ಪ್ರಾಕೃತಿಕ ತಾಣವಾಗಿ ಅಲ್ಲ, ಸಾಂಸ್ಕೃತಿಕ ತಾಣವಾಗಿ. ಪವಿತ್ರ ಸ್ಥಳ ಮತ್ತು ಕಲೆಯ ಪ್ರೇರಣೆ ಎಂಬ ಎರಡು ಕಾರಣಗಳಿಗಾಗಿ. ದೇವಾಲಯಗಳು, ಸರೋವರಗಳು, ಚಿಲುಮೆಗಳು, ಯಾತ್ರಿಕರ ವಸತಿಗಳು ಸೇರಿ ಒಟ್ಟು 25 ಘಟಕಗಳು ಆ ಪಟ್ಟಿಯಲ್ಲಿವೆ. ಮುಂದಿನ ಎರಡು ಭಾಗಗಳಲ್ಲಿ ಈ ಎರಡು ಕಾರಣಗಳನ್ನು ಎರಡು ಬಗೆಯ ಯೋಜನೆಗಳಾಗಿ ಓದಬಹುದು.

3. ನಡಿಗೆಯ ಯೋಜನೆ: ಯಾತ್ರಿಕರ ಕ್ರಮ

ಎಡೋ ಕಾಲದಲ್ಲಿ ಫುಜಿಯ ಆರಾಧನೆಗಾಗಿ ‘ಫುಜಿ-ಕೊ’ ಎಂಬ ಭಕ್ತ ಸಂಘಗಳು ಬೆಳೆದವು. ಇವುಗಳ ಮೂಲಪುರುಷನೆಂದು ಹಾಸೆಗಾವಾ ಕಾಕುಗ್ಯೋ ಎಂಬ ತಪಸ್ವಿಯನ್ನು ಹೆಸರಿಸುತ್ತಾರೆ. 1733ರಲ್ಲಿ ಪರ್ವತದ ಮೇಲೆ ಉಪವಾಸದಿಂದ ದೇಹತ್ಯಾಗ ಮಾಡಿದ ಜಿಕಿಗ್ಯೋ ಮಿರೊಕು ಎಂಬಾತನ ನಂತರ ಈ ಸಂಘಗಳು ಎಡೋ ನಗರದ ಸಾಮಾನ್ಯ ಜನರಲ್ಲಿ ವ್ಯಾಪಕವಾಗಿ ಹರಡಿದವು. ಇವುಗಳ ವ್ಯವಸ್ಥೆ ನಮ್ಮ ಚೀಟಿ ವ್ಯವಹಾರವನ್ನು ನೆನಪಿಗೆ ತರುವಂಥದು. ಸದಸ್ಯರು ಸಣ್ಣ ಸಣ್ಣ ಮೊತ್ತಗಳನ್ನು ಕೂಡಿಸುತ್ತಿದ್ದರು. ಚೀಟಿ ಎತ್ತಿ ಆರಿಸಿದ ಕೆಲವರು ಆ ವರ್ಷ ಎಲ್ಲರ ಪರವಾಗಿ ಪರ್ವತವನ್ನು ಏರಿ, ರಕ್ಷಾಪತ್ರಗಳನ್ನು ತಂದು ಹಂಚುತ್ತಿದ್ದರು. ಹೀಗಾಗಿ ಯಾತ್ರೆಗೆ ಹೋದವನು ಒಬ್ಬನೇ ಹೋಗುತ್ತಿರಲಿಲ್ಲ, ಹೋಗದವರ ಹೊಣೆಯನ್ನೂ ಹೊತ್ತು ಹೋಗುತ್ತಿದ್ದ.

ಉತ್ತರದ ತಪ್ಪಲಿನ ಯೊಶಿದಾ ಊರಿನಲ್ಲಿ, ಇಂದಿನ ಫುಜಿಯೊಶಿದಾ ನಗರದಲ್ಲಿ, ‘ಓಶಿ’ ಎಂಬ ಅರ್ಚಕ ಕುಟುಂಬಗಳಿದ್ದವು. ಯಾತ್ರಿಕರಿಗೆ ವಸತಿ, ಊಟ, ಶುದ್ಧೀಕರಣದ ವಿಧಿ, ಪ್ರಾರ್ಥನೆ, ಏರುವ ಸಲಹೆ ಎಲ್ಲವನ್ನೂ ಒದಗಿಸುವುದು ಅವರ ವೃತ್ತಿ. ಪ್ರವಾಸದ ಯೋಜನೆಯನ್ನು ಸಿದ್ಧಪಡಿಸುವವರ ಪೂರ್ವರೂಪವನ್ನು ಇವರಲ್ಲಿ ಗುರುತಿಸಬಹುದು. ಆದರೆ ಒಂದು ವ್ಯತ್ಯಾಸವಿದೆ. ಓಶಿಯು ರೂಪಿಸುತ್ತಿದ್ದ ಕ್ರಮದಲ್ಲಿ ನೀರು ಮೊದಲು, ದೇವಾಲಯ ಅನಂತರ, ಕೊನೆಗೆ ಪರ್ವತ. ಯಾತ್ರಿಕನು ತನ್ನನ್ನು ಸಿದ್ಧಪಡಿಸಿಕೊಳ್ಳದೆ ಪರ್ವತದ ಎದುರು ನಿಲ್ಲುವಂತಿರಲಿಲ್ಲ.

ಪರ್ವತವನ್ನೂ ಈ ಯಾತ್ರಿಕರು ಒಂದು ಪಠ್ಯದಂತೆ ವಿಭಾಗಿಸಿಕೊಂಡಿದ್ದರು. ತಪ್ಪಲಿನಿಂದ ಶಿಖರದವರೆಗೆ ಹತ್ತು ಹಂತಗಳು. ಕೆಳಗಿನ ಹುಲ್ಲಿನ ಬೆಟ್ಟ, ಅದರ ಮೇಲೆ ಮರಗಳ ಬೆಟ್ಟ, ಅದಕ್ಕೂ ಮೇಲೆ ಸುಟ್ಟ ಬೆಟ್ಟ ಎಂದು ಮೂರು ವಲಯಗಳು. ಕುದುರೆಗಳನ್ನು ಹಿಂದಕ್ಕೆ ಕಳುಹಿಸುವ ಸ್ಥಳಕ್ಕೆ ‘ಉಮಾಗಾಯೆಶಿ’, ಅಂದರೆ ಕುದುರೆ ಮರಳುವ ತಾಣ, ಎಂಬ ಹೆಸರೇ ಇದೆ. ಮರಗಳು ಮುಗಿದು ಸುಟ್ಟ ನೆಲ ತೊಡಗುವ ಐದನೆಯ ಹಂತದ ಆಸುಪಾಸನ್ನು ಭೂಮಿ ಮತ್ತು ಸ್ವರ್ಗದ ಗಡಿ ಎಂದು ಭಾವಿಸಿದ್ದರು. ಆ ಗಡಿಯನ್ನು ಮುಟ್ಟಲು ಅರ್ಧ ಪರ್ವತವನ್ನು ಕಾಲಿನಿಂದ ಅಳೆದಿರಬೇಕಾಗಿತ್ತು.

ಏರುವುದರ ಜೊತೆಗೆ ಸುತ್ತುವುದೂ ಈ ಪರಂಪರೆಯ ಭಾಗವಾಗಿತ್ತು. ಶಿಖರದ ಕುಂಡವನ್ನು ಎಂಟು ದಳಗಳ ಕಮಲವೆಂದು ಕಲ್ಪಿಸಿ ಅದರ ಅಂಚಿನಲ್ಲಿ ಸುತ್ತುವುದು, ಪರ್ವತದ ನಡುಮಟ್ಟದಲ್ಲಿ ಸುತ್ತುವುದು, ತಪ್ಪಲಿನ ಎಂಟು ಜಲಾಶಯಗಳನ್ನು ಸಂದರ್ಶಿಸುವುದು ಎಂಬ ಬೇರೆ ಬೇರೆ ಪ್ರದಕ್ಷಿಣೆಗಳಿದ್ದವು. ಇಂದು ಪ್ರವಾಸಿಗರಿಂದ ತುಂಬಿರುವ ‘ಒಶಿನೊ ಹಕ್ಕಾಯ್’ ಎಂಬ ಎಂಟು ಚಿಲುಮೆಗಳ ಕೊಳಗಳೂ ಇಂಥ ಒಂದು ಸರಣಿಯೇ. ಈ ಒಂದೊಂದು ಕೊಳವನ್ನೂ ಬೌದ್ಧ ಪರಂಪರೆಯ ಎಂಟು ನಾಗರಾಜರಲ್ಲಿ ಒಬ್ಬೊಬ್ಬರಿಗೆ ಸೇರಿಸಲಾಗಿದೆ. ಆ ಎಂಟು ಹೆಸರುಗಳಲ್ಲಿ ನಂದ, ಉಪನಂದರ ಜೊತೆಗೆ ನಮ್ಮ ಓದುಗರಿಗೆ ಮಹಾಭಾರತದಿಂದ ಪರಿಚಿತರಾದ ವಾಸುಕಿ ಮತ್ತು ತಕ್ಷಕರೂ ಇದ್ದಾರೆ. ಸಂಸ್ಕೃತದ ಹೆಸರುಗಳು ಚೀನೀ ಲಿಪಿಯ ಮೂಲಕ ಹಾದು ಜಪಾನಿ ಉಚ್ಚಾರಣೆಯಲ್ಲಿ ‘ವಾಶುಕಿತ್ಸು’, ‘ತೊಕುಶಾಕಾ’ ಎಂದಾಗಿವೆ. ಪರ್ವತದ ದೇವತೆಯನ್ನು ಹಿಂದೆ ಮಹಾವೈರೋಚನ ಬುದ್ಧನ ರೂಪವೆಂದೂ ಭಾವಿಸುತ್ತಿದ್ದರು. 1868ರ ನಂತರ ಸರ್ಕಾರವು ಶಿಂತೊ ಮತ್ತು ಬೌದ್ಧ ಆಚರಣೆಗಳನ್ನು ಬೇರ್ಪಡಿಸಿದ ಮೇಲೆ ಈ ಬೌದ್ಧ ಪದರ ಮರೆಗೆ ಸರಿದು, ಕೊನೊಹಾನಾ ಸಾಕುಯಾ ಎಂಬ ಶಿಂತೊ ದೇವಿಯ ಹೆಸರು ಮುಂದೆ ಬಂದಿತು.

ಈ ಕ್ರಮವನ್ನು ಆದರ್ಶೀಕರಿಸುವುದು ಸರಿಯಲ್ಲ. ಮಹಿಳೆಯರಿಗೆ ಶಿಖರವನ್ನು ಏರಲು 1872ರವರೆಗೆ ನಿಷೇಧವಿತ್ತು. 1832ರಲ್ಲಿ ತಾಕಾಯಾಮಾ ತಾತ್ಸು ಎಂಬ ಮಹಿಳೆ ಪುರುಷವೇಷದಲ್ಲಿ ಶಿಖರವನ್ನು ತಲುಪಿದ ಸಂಗತಿ ದಾಖಲಾಗಿದೆ. ಏರಲಾಗದವರಿಗಾಗಿ ಎಡೋ ನಗರದಲ್ಲಿಯೇ ‘ಫುಜಿಜುಕಾ’ ಎಂಬ ಕಿರುಬೆಟ್ಟಗಳನ್ನು ಕಟ್ಟುವ ಪದ್ಧತಿ 18ನೆಯ ಶತಮಾನದ ಕೊನೆಯ ಭಾಗದಲ್ಲಿ ಆರಂಭವಾಯಿತು. ಫುಜಿಯಿಂದ ತಂದ ಲಾವಾ ಕಲ್ಲುಗಳನ್ನು ಜೋಡಿಸಿದ ಈ ದಿಬ್ಬಗಳನ್ನು ಮಹಿಳೆಯರೂ ವೃದ್ಧರೂ ಮಕ್ಕಳೂ ಕೆಲವೇ ನಿಮಿಷಗಳಲ್ಲಿ ಏರಬಹುದಾಗಿತ್ತು. ಅಲ್ಪಕಾಲದಲ್ಲಿ ಪರ್ವತಾನುಭವ ಪಡೆಯುವ ಆಸೆ ಇಂದಿನ ಪ್ರವಾಸೋದ್ಯಮ ಹುಟ್ಟಿಸಿದ್ದಲ್ಲ ಎಂಬುದಕ್ಕೆ ಈ ದಿಬ್ಬಗಳೇ ಸಾಕ್ಷಿ.

4. ನೋಟದ ಯೋಜನೆ: ಚಿತ್ರಕಾರರ ಕ್ರಮ

ಇನ್ನೊಂದು ಪರಂಪರೆ ಪರ್ವತವನ್ನು ಏರದೆ ನೋಡುವುದು. ಇದರ ಶ್ರೇಷ್ಠ ಉದಾಹರಣೆ ಕಾತ್ಸುಶಿಕಾ ಹೊಕುಸಾಯ್ 1830ರ ಆಸುಪಾಸಿನಲ್ಲಿ ರಚಿಸಿದ ಮರದಚ್ಚಿನ ಚಿತ್ರಮಾಲೆ. ಇದರ ಹೆಸರು ‘ಫುಜಿಯ 36 ನೋಟಗಳು’ ಎಂದಿದ್ದರೂ ಜನಪ್ರಿಯತೆಯಿಂದಾಗಿ ಇನ್ನೂ ಹತ್ತು ಸೇರಿ ಒಟ್ಟು 46 ಚಿತ್ರಗಳಾದವು. 1834ರಿಂದ ಅವನು ಇದೇ ಪರ್ವತದ ನೂರು ನೋಟಗಳ ಪುಸ್ತಕವನ್ನೂ ಪ್ರಕಟಿಸತೊಡಗಿದ. ಅನಂತರ ಹಿರೊಶಿಗೆಯೂ 36 ನೋಟಗಳ ಮಾಲೆಗಳನ್ನು ರಚಿಸಿದ.

ಹೊಕುಸಾಯ್‌ನ ಮಾಲೆಯಲ್ಲಿ ಪರ್ವತ ಬಹುಪಾಲು ಚಿಕ್ಕದಾಗಿ, ಹಿನ್ನೆಲೆಯಲ್ಲಿ ಇರುತ್ತದೆ. ಮುಂದೆ ಇರುವುದು ದೊಡ್ಡ ಪೀಪಾಯಿಯೊಳಗೆ ನಿಂತು ಹಲಗೆ ತೀಡುವ ಕೆಲಸಗಾರ, ಬಂಡೆಯ ತುದಿಯಲ್ಲಿ ಬಲೆ ಎಳೆಯುವ ಬೆಸ್ತ, ಗಾಳಿಗೆ ಹಾರಿಹೋಗುವ ಕಾಗದಗಳ ಹಿಂದೆ ಕಂಗಾಲಾದ ದಾರಿಹೋಕರು. ನೋಡುವವನು ಕೆಲಸ ಬಿಟ್ಟು ಬಂದ ಪ್ರೇಕ್ಷಕನಲ್ಲ. ಕೆಲಸದ ನಡುವೆ ಪರ್ವತ ಅವನಿಗೆ ಕಾಣುತ್ತದೆ, ಹಲವು ಬಾರಿ ಅವನು ಅದರತ್ತ ತಿರುಗಿಯೂ ನೋಡಿರುವುದಿಲ್ಲ. ಪರ್ವತ ಮತ್ತು ಬದುಕು ಒಂದೇ ಚೌಕಟ್ಟಿನಲ್ಲಿ ಇರುವುದು ಈ ಮಾಲೆಯ ವಿಶೇಷ.

ಈ ಮಾಲೆಯ ಎರಡು ಚಿತ್ರಗಳು ನಮ್ಮ ಚರ್ಚೆಗೆ ಮುಖ್ಯ. ಒಂದರಲ್ಲಿ ಯಾತ್ರಿಕರು ಕೋಲುಗಳನ್ನು ಹಿಡಿದು ಬಂಡೆಗಳ ನಡುವೆ ಏರುತ್ತಿದ್ದಾರೆ, ಕೆಲವರು ಗುಹೆಯಲ್ಲಿ ಮುದುಡಿ ಕುಳಿತಿದ್ದಾರೆ. ಮಾಲೆಯ ಉಳಿದ ಚಿತ್ರಗಳಲ್ಲಿ ತಪ್ಪದೆ ಕಾಣುವ ಆ ಪರಿಚಿತ ಆಕಾರ ಇಲ್ಲಿ ಮಾತ್ರ ಇಲ್ಲ. ಪರ್ವತದ ಮೇಲೆ ಇರುವವನಿಗೆ ಪರ್ವತ ಕಾಣುವುದಿಲ್ಲ. ಇನ್ನೊಂದು ಚಿತ್ರ ಕಾವಾಗುಚಿ ಸರೋವರದ್ದು. ಅದರಲ್ಲಿ ಮೇಲಿನ ಪರ್ವತ ಹಿಮವಿಲ್ಲದ ಬೇಸಗೆಯದು, ನೀರಿನ ಪ್ರತಿಬಿಂಬದಲ್ಲಿ ಮಾತ್ರ ಶಿಖರಕ್ಕೆ ಹಿಮದ ಟೋಪಿ ಇದೆ. ಪ್ರತಿಬಿಂಬವು ಇರಬೇಕಾದ ಸ್ಥಳದಿಂದ ಪಕ್ಕಕ್ಕೆ ಸರಿದೂ ಇದೆ. ಕಣ್ಣ ಮುಂದಿರುವ ಫುಜಿ ಬೇರೆ, ನಾವು ಮನಸ್ಸಿನಲ್ಲಿ ಹೊತ್ತು ತಂದ ಫುಜಿ ಬೇರೆ ಎಂಬುದನ್ನು ಚಿತ್ರಕಾರನು ಹೀಗೆ ಸೂಚಿಸಿದ್ದಾನೆ ಎನ್ನಬಹುದು.

ಹೊತ್ತು ತಂದ ಈ ಫುಜಿಯ ಭಾರವನ್ನು ಆಧುನಿಕ ಲೇಖಕರಲ್ಲಿ ತೀವ್ರವಾಗಿ ಅನುಭವಿಸಿದವನು ದಜಾಯ್ ಒಸಾಮು. 1938ರ ಶರತ್ಕಾಲದಲ್ಲಿ ಅವನು ಮಿಸಾಕಾ ಕಣಿವೆದಾರಿಯ ಚಹದಂಗಡಿಯೊಂದರಲ್ಲಿ ತಂಗಿದ್ದ. ಮರುವರ್ಷ ಪ್ರಕಟವಾದ ಅವನ ಕೃತಿಗೆ ಹೊಕುಸಾಯ್‌ನ ನೂರು ನೋಟಗಳ ಹೆಸರನ್ನೇ ಇಟ್ಟ. ಚಿತ್ರಕಾರರು ಶಿಖರದ ಕೋನವನ್ನು ಸುಮಾರು 85 ಡಿಗ್ರಿಗೆ ಮೊನಚುಗೊಳಿಸಿದ್ದಾರೆ, ಅಳತೆಯ ನಕ್ಷೆಯಲ್ಲಾದರೋ ಅದು 117ರಿಂದ 124 ಡಿಗ್ರಿಯಷ್ಟು ಅಗಲ ಎಂಬ ಲೆಕ್ಕದಿಂದ ಆ ಕೃತಿ ತೊಡಗುತ್ತದೆ. ಮಿಸಾಕಾದಿಂದ ಕಾಣುವ ಪ್ರಸಿದ್ಧ ನೋಟವು ಸ್ನಾನಗೃಹದ ಗೋಡೆಯ ಚಿತ್ರದಂತೆ ಅತಿ ಸುಂದರವಾಗಿದ್ದು ಅವನಿಗೆ ಸಂಕೋಚ ಹುಟ್ಟಿಸುತ್ತದೆ. ‘ನೋಡಲೇಬೇಕಾದ’ ಸ್ಥಳವನ್ನು ನೋಡುವ ಕಷ್ಟವನ್ನು ಕುರಿತು ಇಷ್ಟು ಪ್ರಾಮಾಣಿಕವಾದ ಬರಹಗಳು ವಿರಳ.

5. ಇಂದಿನ ಒಂದು ದಿನ

ಈ ಹಿನ್ನೆಲೆಯಲ್ಲಿ ಇಂದಿನ ಯೋಜನೆಯನ್ನು ಪರಿಶೀಲಿಸಬಹುದು. ಟೋಕಿಯೊದಿಂದ ಹೊರಡುವ ಪ್ರವಾಸಿ ಬಸ್ಸುಗಳ ಒಂದು ಪ್ರಚಲಿತ ಕ್ರಮ ಹೀಗಿದೆ: ಬೆಳಿಗ್ಗೆ ಉತ್ತರದ ಕಡೆಯಿಂದ ಐದನೆಯ ಹಂತಕ್ಕೆ ಏರುವುದು, ಇಳಿದು ಊಟ ಮಾಡುವುದು, ಮಧ್ಯಾಹ್ನ ಆಗ್ನೇಯ ದಿಕ್ಕಿನ ಹಾಕೊನೆಗೆ ಸಾಗಿ ಆಶಿ ಸರೋವರದ ದೋಣಿ ಹತ್ತುವುದು, ಸಂಜೆ ನಗರಕ್ಕೆ ಮರಳುವುದು. ಪರ್ವತದ ಎರಡು ಪಾರ್ಶ್ವಗಳು ಒಂದೇ ದಿನದಲ್ಲಿ ಸಿಗುತ್ತವೆ ಎಂಬುದು ಇದರ ಆಕರ್ಷಣೆ. ದಿನದ ದೊಡ್ಡ ಭಾಗ ಬಸ್ಸಿನ ಆಸನದಲ್ಲಿ ಕಳೆಯುತ್ತದೆ ಎಂಬುದು ಇದರ ದೋಷ.

ಐದನೆಯ ಹಂತದ ವಿಚಾರ ವಿಶೇಷವಾಗಿ ಗಮನಾರ್ಹ. 1964ರಲ್ಲಿ ತೆರೆದ ‘ಸುಬಾರು’ ರಸ್ತೆಯು ವಾಹನಗಳನ್ನು 2,305 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಯಾತ್ರಿಕರು ಭೂಮಿ ಮತ್ತು ಸ್ವರ್ಗದ ಗಡಿ ಎಂದು ಭಾವಿಸಿದ ಎತ್ತರಕ್ಕೆ ಇಂದಿನ ಪ್ರವಾಸಿ ಕಾವಾಗುಚಿಕೊ ನಿಲ್ದಾಣದಿಂದ ಸುಮಾರು ಒಂದು ಗಂಟೆಯಲ್ಲಿ ಕುಳಿತೇ ತಲುಪುತ್ತಾನೆ. ಕೆಳಗಿನ ನಾಲ್ಕು ಹಂತಗಳ ಹಳೆಯ ದಾರಿ ಇದರಿಂದ ಬಹುಮಟ್ಟಿಗೆ ನಿರ್ಜನವಾಯಿತು. ಹೊಕುಸಾಯ್ ತೋರಿಸಿದಂತೆ ಅಲ್ಲಿ ನಿಂತವನಿಗೆ ಕಾಣುವುದು ಕೆಂಪು ಕಪ್ಪು ಕಲ್ಲಿನ ಇಳಿಜಾರು, ಮೋಡ, ಅಂಗಡಿಗಳು. ಫುಜಿಯ ಆಕಾರವನ್ನು ಬಯಸಿ ಬಂದವನಿಗೆ ಅದು ತಪ್ಪು ಸ್ಥಳ. ಫುಜಿಯ ಕಲ್ಲನ್ನೂ ಗಾಳಿಯನ್ನೂ ಬಯಸಿ ಬಂದವನಿಗೆ ಸರಿಯಾದ ಸ್ಥಳ. ಯಾವುದು ಬೇಕೆಂದು ಮೊದಲೇ ತೀರ್ಮಾನಿಸದ ಯೋಜನೆ ಇಲ್ಲಿ ಸೋಲುತ್ತದೆ. ಚಳಿಗಾಲದಲ್ಲಿ ಹಿಮದಿಂದಾಗಿ ರಸ್ತೆ ಮುಚ್ಚುವುದುಂಟು, ಬೇಸಗೆಯ ಆರೋಹಣದ ಕಾಲದಲ್ಲಿ ಖಾಸಗಿ ವಾಹನಗಳಿಗೆ ನಿರ್ಬಂಧವಿರುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ಪರ್ವತವನ್ನು ಪೂರ್ತಿ ಸುತ್ತುವ ಆಸೆಯನ್ನು ಬಿಟ್ಟು ಉತ್ತರದ ತಪ್ಪಲಿಗೆ ಮಾತ್ರ ದಿನವನ್ನು ಮೀಸಲಿಟ್ಟರೆ ಹಳೆಯ ಕ್ರಮದ ಕೆಲವು ಅಂಶಗಳನ್ನು ಮರಳಿ ಪಡೆಯಬಹುದು. ಟೋಕಿಯೊದ ಶಿಂಜುಕುವಿನಿಂದ 2019ರಲ್ಲಿ ಆರಂಭವಾದ ‘ಫುಜಿ ಕಾಯ್ಯೂ’ ಎಂಬ ನೇರ ರೈಲು ಸುಮಾರು ಎರಡು ಗಂಟೆಗಳಲ್ಲಿ ಕಾವಾಗುಚಿಕೊ ತಲುಪುತ್ತದೆ. ಅದರ ಎಲ್ಲ ಆಸನಗಳೂ ಕಾದಿರಿಸಿದವು, ಆದ್ದರಿಂದ ಮುಂಗಡವಾಗಿ ಚೀಟಿ ಪಡೆಯಬೇಕು. ಬಸ್ಸಿನ ಪ್ರಯಾಣಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಬೆಳಗಿನ ರೈಲಿನಲ್ಲಿ ಬಂದವರು ಕೊನೆಯ ನಿಲ್ದಾಣಕ್ಕಿಂತ ಮೊದಲೇ ಶಿಮೊಯೊಶಿದಾದಲ್ಲಿ ಇಳಿಯುವುದು ಒಳ್ಳೆಯದು. ಅಲ್ಲಿಂದ ಸ್ವಲ್ಪ ನಡೆದು 398 ಮೆಟ್ಟಿಲುಗಳನ್ನು ಏರಿದರೆ ಅರಾಕುರಾಯಾಮಾ ಸೆಂಗೆನ್ ಉದ್ಯಾನ. ಕೆಂಪು ಗೋಪುರದ ಹಿಂದೆ ಫುಜಿ ಕಾಣುವ ಸುಪ್ರಸಿದ್ಧ ಚಿತ್ರ ಇಲ್ಲಿಯದು. ಆ ಗೋಪುರ ಪ್ರಾಚೀನವಲ್ಲ; ಯುದ್ಧದಲ್ಲಿ ಮಡಿದ ಊರಿನವರ ಸ್ಮಾರಕವಾಗಿ 1963ರಲ್ಲಿ ಕಟ್ಟಿದ್ದು. ಸನಾತನ ಜಪಾನಿನ ಸಂಕೇತವೆಂದು ಜಗತ್ತು ನೋಡುವ ಚಿತ್ರದ ಅರ್ಧ ಭಾಗ ಒಂದು ಊರಿನ ಶೋಕದ ಗುರುತು ಎಂಬುದು ಬಹುತೇಕ ಯೋಜನೆಗಳಲ್ಲಿ ಬರೆದಿರುವುದಿಲ್ಲ.

ಅಲ್ಲಿಂದ ಮುಂದಿನ ಫುಜಿಸಾನ್ ನಿಲ್ದಾಣದ ಬಳಿ ಓಶಿ ಮನೆಗಳ ಬೀದಿಯಿದೆ. ಉಳಿದುಕೊಂಡಿರುವ ಮನೆಗಳಲ್ಲಿ ಕೆಲವು ವಿಶ್ವ ಪರಂಪರೆಯ ಘಟಕಗಳಾಗಿವೆ. ಬೀದಿಯನ್ನು ಏರುತ್ತ ಹೋದರೆ ದೇವದಾರುಗಳಂಥ ಎತ್ತರದ ಮರಗಳ ನಡುವೆ ಕಿತಾಗುಚಿ ಹೊಂಗು ಫುಜಿ ಸೆಂಗೆನ್ ದೇವಾಲಯ ಸಿಗುತ್ತದೆ. ಅದರ ಹಿಂಬದಿಯಿಂದಲೇ ಯೊಶಿದಾ ಆರೋಹಣದ ಹಳೆಯ ದಾರಿ ಹೊರಡುತ್ತದೆ. ಆ ದಾರಿಯಲ್ಲಿ ಅರ್ಧ ಗಂಟೆ ನಡೆದು ಮರಳಿದರೂ ಬಸ್ಸಿನ ಪ್ರವಾಸಿಗೆ ದೊರೆಯದ ಒಂದು ಅರಿವು ದೊರೆಯುತ್ತದೆ.

ಮಧ್ಯಾಹ್ನದ ಊಟಕ್ಕೆ ಈ ಊರಿನ ಗಟ್ಟಿಯಾದ ಗೋಧಿ ಎಳೆಗಳ ‘ಯೊಶಿದಾ ಉದೋನ್’ ಪ್ರಸಿದ್ಧ. ತಣ್ಣನೆಯ ಹವೆ ಮತ್ತು ಜ್ವಾಲಾಮುಖಿಯ ಮಣ್ಣಿನಲ್ಲಿ ಭತ್ತ ಸರಿಯಾಗಿ ಬೆಳೆಯದ್ದರಿಂದ ಗೋಧಿ ಇಲ್ಲಿಯ ಮುಖ್ಯ ಆಹಾರವಾಯಿತು. ಹೆಂಗಸರು ಮಗ್ಗದಲ್ಲಿ ತೊಡಗಿರುತ್ತಿದ್ದುದರಿಂದ ಗಂಡಸರು ಹಿಟ್ಟು ನಾದುತ್ತಿದ್ದರು, ಎಳೆಗಳ ಗಡಸುತನಕ್ಕೆ ಅದೇ ಕಾರಣ ಎಂಬ ವಿವರಣೆ ಊರಿನಲ್ಲಿ ಪ್ರಚಲಿತವಾಗಿದೆ. ಇದರ ಸಾರಿಗೆ ಸಾಮಾನ್ಯವಾಗಿ ಮೀನಿನ ಅಂಶ ಸೇರಿರುತ್ತದೆ, ಸಸ್ಯಾಹಾರಿಗಳು ಮೊದಲೇ ವಿಚಾರಿಸಬೇಕು.

ಊಟದ ನಂತರ ಬಸ್ಸಿನಲ್ಲಿ ಒಶಿನೊಗೆ ಹೋಗಬಹುದು. ಪರ್ವತದ ಮೇಲೆ ಬಿದ್ದ ಹಿಮ ಮತ್ತು ಮಳೆಯ ನೀರು ಲಾವಾ ಪದರಗಳಲ್ಲಿ ದೀರ್ಘಕಾಲ ಇಂಗಿ ಇಲ್ಲಿ ಚಿಲುಮೆಯಾಗಿ ಏಳುತ್ತದೆ. ಈ ಕೊಳಗಳು 1934ರಲ್ಲಿ ಪ್ರಾಕೃತಿಕ ಸ್ಮಾರಕಗಳೆಂದು ಘೋಷಿತವಾದವು. ಇಲ್ಲಿಯೂ ಒಂದು ವೈಚಿತ್ರ್ಯವಿದೆ. ಪ್ರವಾಸಿಗರು ಹೆಚ್ಚಾಗಿ ಸುತ್ತುವರಿದು ಚಿತ್ರ ತೆಗೆಯುವ ನಡುವಿನ ಆಳವಾದ ನೀಲಿ ಕೊಳ ಎಂಟರಲ್ಲಿ ಒಂದಲ್ಲ, ಅದು ಮನುಷ್ಯ ನಿರ್ಮಿತ. ಎಂಟು ಕೊಳಗಳಲ್ಲಿ ಒಂದು ಉಳಿದವುಗಳಿಂದ ದೂರದಲ್ಲಿದ್ದು ಅಲ್ಲಿಗೆ ಹೋಗುವವರು ವಿರಳ. ಎಣಿಸಿಕೊಂಡು ಸಂದರ್ಶಿಸುತ್ತಿದ್ದ ಯಾತ್ರಿಕನಿಗೆ ಈ ತಪ್ಪು ಆಗುತ್ತಿರಲಿಲ್ಲ. ಸಂಜೆ ಕಾವಾಗುಚಿ ಸರೋವರದ ಉತ್ತರ ದಂಡೆಯ ಓಯಿಶಿ ಉದ್ಯಾನಕ್ಕೆ ಬಂದರೆ ನೀರಿನಾಚೆ ಪರ್ವತ ಇಡಿಯಾಗಿ ಎದುರಾಗುತ್ತದೆ, ಎದುರಾಗುವುದಾದರೆ.

6. ಕಾಣದ ಪರ್ವತ

ಈ ‘ಆಗುವುದಾದರೆ’ ಎಂಬುದೇ ಫುಜಿಯ ಯೋಜನೆಯ ನಿಜವಾದ ಸಮಸ್ಯೆ. ಬೇಸಗೆಯಲ್ಲಿ ಪೆಸಿಫಿಕ್ ಸಾಗರದ ತೇವದ ಗಾಳಿ ಬಿಸಿಲಿಗೆ ಕಾದ ಇಳಿಜಾರುಗಳನ್ನು ಏರಿ ಮೋಡವಾಗುತ್ತದೆ. ಮುಂಜಾನೆ ಸ್ಪಷ್ಟವಾಗಿದ್ದ ಶಿಖರ ಮಧ್ಯಾಹ್ನಕ್ಕೆ ಮರೆಯಾಗುವುದು ಇದರಿಂದ. ಚಳಿಗಾಲದಲ್ಲಿ ವಾಯವ್ಯದ ಗಾಳಿ ತನ್ನ ತೇವವನ್ನು ಜಪಾನ್ ಸಮುದ್ರದ ಕಡೆಯ ಬೆಟ್ಟಗಳ ಮೇಲೆ ಹಿಮವಾಗಿ ಸುರಿಸಿ ಒಣಗಿ ಬರುವುದರಿಂದ ಆಕಾಶ ನಿರ್ಮಲವಾಗಿರುತ್ತದೆ. ಆದಕಾರಣ ಚಳಿಗಾಲದ ಮುಂಜಾನೆ ಅತ್ಯುತ್ತಮ, ಮಳೆಗಾಲದ ಮಧ್ಯಾಹ್ನ ಅತಿ ಅನಿಶ್ಚಿತ. ಮೇಲಿನ ಯೋಜನೆಯಲ್ಲಿ ನೋಟದ ಸ್ಥಳವನ್ನು ಬೆಳಿಗ್ಗೆಗೂ, ಮೋಡವಿದ್ದರೂ ನಷ್ಟವಾಗದ ಬೀದಿ, ದೇವಾಲಯ, ಕೊಳಗಳನ್ನು ನಡುಹಗಲಿಗೂ ಇರಿಸಿರುವುದು ಈ ಕಾರಣಕ್ಕಾಗಿ. ಹಿಮದ ಟೋಪಿಯೂ ನಿಶ್ಚಿತವಲ್ಲ. 2024ರಲ್ಲಿ ಮೊದಲ ಹಿಮ ಗೋಚರವಾದದ್ದು ನವೆಂಬರ್ 7ರಂದು. 1894ರಲ್ಲಿ ದಾಖಲೆ ಆರಂಭವಾದ ನಂತರ ಅಷ್ಟು ತಡವಾಗಿ ಹಿಮ ಕಂಡದ್ದು ಅದೇ ಮೊದಲು.

ಜಪಾನಿನ ಪ್ರವಾಸ ಸಾಹಿತ್ಯಕ್ಕೆ ಈ ಕಾಣದಿರುವಿಕೆ ಹೊಸದಲ್ಲ. 1684ರಲ್ಲಿ ಕೈಗೊಂಡ ಪ್ರಯಾಣದಲ್ಲಿ ಮಾತ್ಸುಓ ಬಾಶೊ ಹಾಕೊನೆಯನ್ನು ದಾಟುವಾಗ ಮಂಜು ಮಳೆಯಿಂದಾಗಿ ಫುಜಿ ಕಾಣಲಿಲ್ಲ. ಅವನು ಆ ದಿನವನ್ನು ವ್ಯರ್ಥವೆಂದು ಬಗೆಯಲಿಲ್ಲ. ಕಾಣದ ದಿನವನ್ನೇ ಹಾಯ್ಕುವಿನ ವಸ್ತುವನ್ನಾಗಿ ಮಾಡಿದ. ಅವನಿಗೆ ಅದು ಸಾಧ್ಯವಾದದ್ದು ಫುಜಿಯನ್ನು ಕುರಿತು ಶತಮಾನಗಳ ಕಾವ್ಯ ಅವನ ಹಿಂದೆ ಇದ್ದುದರಿಂದ. ಸ್ಥಳದ ಹೆಸರೇ ಕಾವ್ಯಸ್ಮೃತಿಯನ್ನು ಎಬ್ಬಿಸುವ ‘ಉತಾಮಾಕುರಾ’ ಎಂಬ ಪರಿಕಲ್ಪನೆ ಆ ಸಾಹಿತ್ಯದಲ್ಲಿದೆ. ಅಂಥ ಸ್ಮೃತಿ ಇದ್ದವನಿಗೆ ಮೋಡದ ಹಿಂದೆಯೂ ಪರ್ವತ ಇದೆ. ಚಿತ್ರವೊಂದನ್ನೇ ಅರಸಿ ಬಂದವನಿಗೆ ಮೋಡವೆಂದರೆ ಬರಿಯ ನಷ್ಟ.

7. ನೋಡುವವರು ಮತ್ತು ಅಲ್ಲಿ ಬಾಳುವವರು

2024ನೆಯ ಇಸವಿ ಈ ನೋಟದ ರಾಜಕಾರಣವನ್ನು ಎರಡು ವಿರುದ್ಧ ಘಟನೆಗಳ ಮೂಲಕ ಮುನ್ನೆಲೆಗೆ ತಂದಿತು. ಫುಜಿಕಾವಾಗುಚಿಕೊ ಊರಿನ ಅಂಗಡಿಯೊಂದರ ಮೇಲೆ ಪರ್ವತ ಕುಳಿತಂತೆ ಕಾಣುವ ಚಿತ್ರ ಜನಪ್ರಿಯವಾಗಿ, ಪ್ರವಾಸಿಗರು ರಸ್ತೆಯ ನಡುವೆ ನಿಲ್ಲುವುದು, ಕಸ ಎಸೆಯುವುದು, ಪಕ್ಕದವರ ಜಾಗಕ್ಕೆ ನುಗ್ಗುವುದು ಹೆಚ್ಚಿತು. ಮೇ ತಿಂಗಳಿನಲ್ಲಿ ಸ್ಥಳೀಯ ಆಡಳಿತವು ಅಲ್ಲಿ ಸುಮಾರು 20 ಮೀಟರ್ ಉದ್ದ, 2.5 ಮೀಟರ್ ಎತ್ತರದ ಕಪ್ಪು ಪರದೆಯನ್ನು ಕಟ್ಟಿ ನೋಟವನ್ನೇ ಮುಚ್ಚಿತು. ಕೆಲವೇ ದಿನಗಳಲ್ಲಿ ಅದರಲ್ಲಿ ರಂಧ್ರಗಳು ಕಾಣಿಸಿಕೊಂಡವು. ಚಂಡಮಾರುತದ ಮುನ್ಸೂಚನೆಯಿಂದಾಗಿ ಆಗಸ್ಟಿನಲ್ಲಿ ಅದನ್ನು ಇಳಿಸಲಾಯಿತು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಟೋಕಿಯೊದ ಕುನಿತಾಚಿಯಲ್ಲಿ, ಬೀದಿಯಿಂದ ಫುಜಿ ಕಾಣುವುದಕ್ಕೆ ಅಡ್ಡಿಯಾಗುತ್ತದೆಂಬ ಆಕ್ಷೇಪವಿದ್ದ ಹತ್ತು ಅಂತಸ್ತಿನ ವಸತಿ ಕಟ್ಟಡವನ್ನು, ಅದು ಮುಗಿಯುವ ಹಂತದಲ್ಲಿದ್ದಾಗ, ಕೆಡವಲು ನಿರ್ಧರಿಸಲಾಯಿತು. ಒಂದೆಡೆ ಊರಿನ ನೆಮ್ಮದಿಗಾಗಿ ನೋಟಕ್ಕೆ ಪರದೆ, ಇನ್ನೊಂದೆಡೆ ಊರಿನ ನೋಟಕ್ಕಾಗಿ ಕಟ್ಟಡದ ನಾಶ. ಎರಡೂ ಕಡೆ ನಿರ್ಣಾಯಕವಾದದ್ದು ಅಲ್ಲಿ ಬಾಳುವವರ ಹಕ್ಕು.

ಆರೋಹಣಕ್ಕೂ ಇದೇ ಕಾಲದಲ್ಲಿ ಮಿತಿ ಬಂದಿತು. ಯೊಶಿದಾ ದಾರಿಯಲ್ಲಿ 2024ರಲ್ಲಿ 2,000 ಯೆನ್ ಶುಲ್ಕ ಮತ್ತು ದಿನಕ್ಕೆ 4,000 ಜನರ ಮಿತಿ ಜಾರಿಯಾಯಿತು. 2025ರಲ್ಲಿ ಎರಡೂ ಪ್ರಾಂತಗಳ ನಾಲ್ಕು ದಾರಿಗಳಿಗೂ ಶುಲ್ಕ 4,000 ಯೆನ್ ಆಯಿತು. ರಾತ್ರಿಯಿಡೀ ನಿಲ್ಲದೆ ಏರಿ, ಸೂರ್ಯೋದಯ ನೋಡಿ, ಕೂಡಲೇ ಇಳಿಯುವ ಅವಸರದ ಕ್ರಮವನ್ನು ತಡೆಯುವುದು ಈ ನಿಯಮಗಳ ಒಂದು ಗುರಿ. ಕೊ ಸಂಘಗಳ ಕಾಲದಲ್ಲಿ ಚೀಟಿ ಎತ್ತುವ ಪದ್ಧತಿಯು ಪರ್ವತದ ಮೇಲಿನ ಜನಸಂಖ್ಯೆಗೆ ತಾನಾಗಿ ಒಂದು ಮಿತಿಯನ್ನು ಒದಗಿಸುತ್ತಿತ್ತು. ಇಂದು ಅದನ್ನು ಬಾಗಿಲು ಮತ್ತು ಶುಲ್ಕಗಳಿಂದ ಸಾಧಿಸಬೇಕಾಗಿದೆ.

8. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಒಂದು ದಿನದ ಪ್ರವಾಸ ಯೋಜನೆಯು ತಟಸ್ಥವಾದ ವೇಳಾಪಟ್ಟಿಯಲ್ಲ. ಸ್ಥಳಗಳ ಕ್ರಮವೇ ಅನುಭವದ ಅರ್ಥವನ್ನು ನಿರ್ಧರಿಸುತ್ತದೆ. ನೀರು, ದೇವಾಲಯ, ಪರ್ವತ ಎಂಬ ಕ್ರಮಕ್ಕೂ ಐದನೆಯ ಹಂತ, ಊಟ, ಸರೋವರ ಎಂಬ ಕ್ರಮಕ್ಕೂ ಇರುವ ಅಂತರ ಕೇವಲ ಸಾರಿಗೆಯದಲ್ಲ. ಎರಡನೆಯದಾಗಿ, ಇಂದಿನ ಯೋಜನೆಯು ಯಾತ್ರಿಕರ ತಾಣಗಳನ್ನು ಉಳಿಸಿಕೊಂಡು ಅವರ ಹೊಣೆಗಳನ್ನು ಕೈಬಿಟ್ಟಿದೆ, ಚಿತ್ರಕಾರರ ಪರ್ವತವನ್ನು ಉಳಿಸಿಕೊಂಡು ಅವರ ಚೌಕಟ್ಟಿನಲ್ಲಿದ್ದ ಜನರನ್ನು ಕೈಬಿಟ್ಟಿದೆ. ಮೂರನೆಯದಾಗಿ, ಪರ್ವತ ಕಾಣದಿರುವ ಸಾಧ್ಯತೆಗೆ ಎಡೆಗೊಡುವ ಯೋಜನೆಯೇ ಉತ್ತಮ ಯೋಜನೆ. ಅಂಥ ಯೋಜನೆಯಲ್ಲಿ ಸ್ಥಳಗಳು ಕಡಿಮೆ ಇರುತ್ತವೆ, ಹೊತ್ತು ಹೆಚ್ಚಿರುತ್ತದೆ, ಊರಿಗೂ ಊರವರಿಗೂ ಸ್ಥಾನವಿರುತ್ತದೆ.

ಪ್ರವಾಸ ಕಥನಗಳನ್ನು ಪಾಠ ಮಾಡುವ ಅಧ್ಯಾಪಕರಿಗೂ ಇದರಿಂದ ಒಂದು ವಿಧಾನ ದೊರೆಯುತ್ತದೆ. ಯಾವುದೇ ಪ್ರವಾಸ ಕೃತಿಯನ್ನು ಓದುವಾಗ ಅದರ ಹಿಂದೆ ಇದ್ದಿರಬಹುದಾದ ಯೋಜನೆಯನ್ನು ವಿದ್ಯಾರ್ಥಿಗಳಿಂದ ಪುನಾರಚಿಸಿ ಬರೆಸಬಹುದು. ಲೇಖಕ ಎಷ್ಟು ಹೊತ್ತು ಎಲ್ಲಿದ್ದ, ಏನನ್ನು ಬಿಟ್ಟ, ಯಾರು ಕರೆದೊಯ್ದರು ಎಂಬುದನ್ನು ಪಟ್ಟಿ ಮಾಡಿದ ಮೇಲೆ ಕೃತಿಯಲ್ಲಿ ‘ನೋಡಿದೆ’ ಎಂಬ ಮಾತು ಎಲ್ಲಿ ಬರುತ್ತದೆ, ‘ಕಾಣಿಸಿತು’ ಎಂಬ ಮಾತು ಎಲ್ಲಿ ಬರುತ್ತದೆ ಎಂಬುದನ್ನು ಗುರುತಿಸಬಹುದು. ಯೋಜನೆಯಂತೆ ನಡೆದ ಘಟ್ಟಗಳಲ್ಲಿ ಮೊದಲನೆಯ ರೂಪವೂ ಯೋಜನೆ ತಪ್ಪಿದ ಘಟ್ಟಗಳಲ್ಲಿ ಎರಡನೆಯ ರೂಪವೂ ಹೆಚ್ಚಾಗಿ ಬರುತ್ತದೆಯೇ ಎಂಬುದು ಕೃತಿಗಳ ಭಾಷಿಕ ಅಧ್ಯಯನದಿಂದ ಪರೀಕ್ಷಿಸಬಹುದಾದ ಪ್ರಶ್ನೆ. ಈ ನಿಟ್ಟಿನಲ್ಲಿ ಹೆಚ್ಚಿನ ಅಧ್ಯಯನಗಳು ನಡೆಯಬೇಕಾಗಿದೆ.